ಮುರಿದ ತ್ರಿಕಾಸ್ಥಿಗೆ ರಾಡಿನ ಆಸರೆ: ಒಂದು ವಿಮರ್ಶೆ

ಬೆನ್ನೆಲುಬಿನ ಬುಡದಲ್ಲಿ ಎರಡು ಸೊಂಟದ ಮೂಳೆಗಳ ನಡುವೆ ಬೆಣೆಯಂತೆ ಕೂತು, ಮೈಯ ಮೇಲ್ಭಾಗದ ಭಾರವನ್ನು ಕಾಲುಗಳಿಗೆ ದಾಟಿಸುವ ತ್ರಿಕಾಸ್ಥಿಯು ಎತ್ತರದಿಂದ ಬಿದ್ದ ಪೆಟ್ಟಿಗೆ ಎರಡೂ ಪಕ್ಕದಲ್ಲಿ ಉದ್ದಕ್ಕೂ ನಡುವೆ ಅಡ್ಡಕ್ಕೂ ಸೀಳಿದರೆ, ಬೆನ್ನೆಲುಬು ಅದರ ಮೇಲಿನ ತುಂಡಿನೊಡನೆ ಶ್ರೋಣಿಯಿಂದ, ಎಂದರೆ ಸೊಂಟದ ಎಲುಬುಗೂಡಿನಿಂದ, ಬೇರ್ಪಟ್ಟುಬಿಡುತ್ತದೆ. ಇಂಥ ಮುರಿತಕ್ಕೆ ಇಂದಿರುವ ಅತ್ಯಂತ ಗಟ್ಟಿಯಾದ ಶಸ್ತ್ರಚಿಕಿತ್ಸೆ ಕಟಿ-ಶ್ರೋಣಿ ಜೋಡಣೆ. ಕೆಳಬೆನ್ನಿನ ಕಶೇರುಕಗಳಿಗೂ ಸೊಂಟದ ಅಗಲ ಮೂಳೆಯಾದ ಇಲಿಯಂಗೂ ಸ್ಕ್ರೂಗಳನ್ನು ಇಳಿಸಿ, ಅವನ್ನು ಲೋಹದ ರಾಡಿನಿಂದ ಕೂಡಿಸುವುದರಿಂದ ಭಾರವು ಬಹುಪಾಲು ರಾಡಿನ ಮೂಲಕವೇ ಕೆಳಗಿಳಿಯುತ್ತದೆ. ವಾರಗಟ್ಟಲೆ ತೂಕ ಕಟ್ಟಿ ಮಲಗಿಸುತ್ತಿದ್ದ ಹಳೆಯ ಕ್ರಮದಲ್ಲಿ ಹಾಸಿಗೆ ಹುಣ್ಣು, ನ್ಯುಮೋನಿಯಾ, ಕಾಲಿನ ರಕ್ತನಾಳದಲ್ಲಿ ಹೆಪ್ಪು ಇವೆಲ್ಲ ಕಾಡುತ್ತಿದ್ದುದನ್ನು ನೆನೆದರೆ, ರೋಗಿಯನ್ನು ಬೇಗ ಎಬ್ಬಿಸಿ ನಿಲ್ಲಿಸಬಲ್ಲ ಈ ವಿಧಾನದ ಹಿರಿಮೆ ಸಣ್ಣದಲ್ಲ.

ಆದರೆ ಆ ಬಲಕ್ಕೆ ಬೆಲೆ ತೆರುವುದು ಚರ್ಮ. ಇಂಥ ಪೆಟ್ಟಿನಲ್ಲಿ ಬೆನ್ನಿನ ಕೆಳಭಾಗದ ಚರ್ಮವು ಎಷ್ಟೋ ಸಲ ಸ್ನಾಯುವಿನ ಹೊದಿಕೆಯಿಂದ ಕಿತ್ತುಬಂದು, ಒಳಗೆ ರಕ್ತವೂ ಕರಗಿದ ಕೊಬ್ಬೂ ತುಂಬಿಕೊಂಡಿರುತ್ತದೆ; ಅದರ ಮೇಲೆಯೇ ಉದ್ದ ಗಾಯ ಮಾಡಿ ಲೋಹ ಕೂರಿಸಿದರೆ ಸೋಂಕಿಗೆ ದಾರಿಯಾಗುತ್ತದೆ. ಇಲಿಯಂ ಸ್ಕ್ರೂವಿನ ತಲೆಯನ್ನು ಮೂಳೆಯಲ್ಲಿ ಕಚ್ಚು ಕೊರೆದು ಹುದುಗಿಸದಿದ್ದರೆ, ಅಂಗಾತ ಮಲಗಿದಾಗಲೆಲ್ಲ ಅದು ತೆಳು ಚರ್ಮವನ್ನು ಒಳಗಿನಿಂದ ಒತ್ತುತ್ತದೆ. ಆದ್ದರಿಂದ ಜಾಗ ಬಿಟ್ಟು ಸರಿಯದ ಮುರಿತಕ್ಕೂ ಈ ದೊಡ್ಡ ಶಸ್ತ್ರಕ್ರಿಯೆಯನ್ನು ಹೂಡುವುದು ಅತಿಯೆಂದೇ ಹೇಳಬೇಕು. ಸಣ್ಣ ರಂಧ್ರದ ಮೂಲಕ ಇಲಿಯಂನಿಂದ ತ್ರಿಕಾಸ್ಥಿಗೆ ಅಡ್ಡಲಾಗಿ ಹಾಕುವ ಸ್ಕ್ರೂಗಳು ಅಲ್ಲಿ ಸಾಮಾನ್ಯವಾಗಿ ಸಾಲುತ್ತವೆ. ಮುರಿದ ಭಾಗ ಮೇಲಕ್ಕೆ ಸರಿದಿದ್ದಾಗ ಮಾತ್ರ ಬರಿಯ ಅಡ್ಡ ಸ್ಕ್ರೂವನ್ನು ನಂಬುವುದು ಅಪಾಯಕರ, ಏಕೆಂದರೆ ಭಾರ ಬಿದ್ದಂತೆ ಅದು ಬಾಗಿ ಸಡಿಲಗೊಳ್ಳಬಹುದು.

ನರಗಳ ವಿಷಯ ಇದಕ್ಕಿಂತ ಜಟಿಲ. ಫ್ರಾನ್ಸಿಸ್ ಡೆನಿಸ್ ಮತ್ತು ಸಹೋದ್ಯೋಗಿಗಳು 1988ರಲ್ಲಿ 236 ರೋಗಿಗಳನ್ನು ಪರಿಶೀಲಿಸಿ ತ್ರಿಕಾಸ್ಥಿಯನ್ನು ಮೂರು ವಲಯಗಳಾಗಿ ವಿಂಗಡಿಸಿದಾಗ, ನರಬೇರುಗಳಿರುವ ನಡುವಿನ ಕಾಲುವೆಯನ್ನು ಹಾಯ್ದ ಮುರಿತಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ನರಹಾನಿಯಾಗಿತ್ತು. ಮೂತ್ರಕೋಶ ಮತ್ತು ಮಲದ್ವಾರಗಳ ಹತೋಟಿ ಈ ನರಗಳ ಕೈಯಲ್ಲಿದೆ. ಒತ್ತುತ್ತಿರುವ ಮೂಳೆಯನ್ನು ತೆಗೆದು ನರಬೇರುಗಳನ್ನು ಬಿಡಿಸುವುದು ನ್ಯಾಯವಾದ ಕ್ರಮವೇ ಹೌದು, ಆದರೂ ಹರಿದ ಬೇರು ಅದರಿಂದ ಕೂಡದು, ಜಜ್ಜಿದ ಬೇರು ಕೆಲವೊಮ್ಮೆ ತಾನಾಗಿಯೇ ಚೇತರಿಸುತ್ತದೆ. ಹೀಗಿರುವಾಗ ಪ್ರತಿ ಚೇತರಿಕೆಯನ್ನೂ ಶಸ್ತ್ರಕ್ರಿಯೆಯ ಖಾತೆಗೆ ಬರೆಯುವುದು ಒಪ್ಪತಕ್ಕದ್ದಲ್ಲ. ಎಕ್ಸ್-ರೇಯಲ್ಲಿ ಕೂಡಿದ ಮೂಳೆಯನ್ನಷ್ಟೇ ಯಶಸ್ಸೆಂದು ಎಣಿಸಿ, ರೋಗಿ ನೋವಿಲ್ಲದೆ ಕೂರಬಲ್ಲನೇ, ಮೂತ್ರದ ಹತೋಟಿ ಮರಳಿತೇ ಎಂಬುದನ್ನು ದಾಖಲಿಸದ ವರದಿಗಳು ಅಪೂರ್ಣ.

ರಾಡು ಮುರಿತವನ್ನು ಮಾತ್ರವಲ್ಲದೆ ಪೆಟ್ಟಾಗದ ಕೆಳಬೆನ್ನಿನ ಕೀಲನ್ನೂ ಬಿಗಿದಿಡುವುದರಿಂದ, ಮೂಳೆ ಕೂಡಿದ ಮೇಲೆ ಅದನ್ನು ತೆಗೆಯಲು ಎಷ್ಟೋ ರೋಗಿಗಳಿಗೆ ಇನ್ನೊಂದು ಶಸ್ತ್ರಕ್ರಿಯೆ ಬೇಕಾಗುತ್ತದೆ. ಅಡಿಕೆ ಮರದಿಂದಲೋ ಕಟ್ಟಡದ ಸಾರುವೆಯಿಂದಲೋ ಬಿದ್ದ ದಿನಗೂಲಿಯ ಕುಟುಂಬಕ್ಕೆ ಈ ಎರಡನೆಯ ಖರ್ಚನ್ನು ಮೊದಲ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವ ಮುನ್ನವೇ ತಿಳಿಸುವುದು ಶಸ್ತ್ರವೈದ್ಯರ ಹೊಣೆ.