ಮುಯ್ಯಿ ತೀರಿಸದ ಸೇನೆ

ಜುಲೈ 26ರ ಕಾರ್ಗಿಲ್ ವಿಜಯ ದಿನ ಹತ್ತಿರವಾದಂತೆ ಕ್ಯಾಪ್ಟನ್ ನೀಕೆಝಾಕುವೊ ಕೆಂಗುರುಸೆ ಬೂಟು ಕಳಚಿ ಬರಿಗಾಲಲ್ಲಿ ಬಂಡೆ ಏರಿದ ಕತೆ ಮತ್ತೆ ಅಚ್ಚಾಗುತ್ತದೆ. 1999ರ ಜೂನ್ 28ರಂದು ದ್ರಾಸ್‌ನಲ್ಲಿ 2ನೇ ರಜಪುತಾನಾ ರೈಫಲ್ಸ್‌ನ ಘಾತಕ್ ತುಕಡಿಯನ್ನು ಮುನ್ನಡೆಸುತ್ತ ಮಡಿದವರು. ಮರಣೋತ್ತರ ಮಹಾವೀರ ಚಕ್ರ ಪಡೆದವರು. ಅವರು ಆ ರೆಜಿಮೆಂಟಿನವರೇ ಅಲ್ಲ ಎಂಬುದನ್ನು ಮಾತ್ರ ಈ ವೀರಗಾಥೆಗಳು ಅರ್ಧ ಸಾಲಿನಲ್ಲಿ ದಾಟಿಬಿಡುತ್ತವೆ. 1998ರ ಡಿಸೆಂಬರಿನಲ್ಲಿ ಅವರಿಗೆ ಕಮಿಷನ್ ಸಿಕ್ಕಿದ್ದು ಆರ್ಮಿ ಸರ್ವಿಸ್ ಕೋರ್‌ಗೆ. ರೇಷನ್, ಇಂಧನ, ಲಾರಿ, ಹೇಸರಗತ್ತೆಗಳ ಜವಾಬ್ದಾರಿ ಹೊತ್ತ, ನಮ್ಮ ಬೆಂಗಳೂರಿನಲ್ಲೇ ತರಬೇತಿ ಕಾಲೇಜು ಇರುವ ಎಎಸ್‌ಸಿಗೆ. ಅದೇ ಜೂನ್ 6ರಂದು ತುರ್ತುಕ್‌ನಲ್ಲಿ ಮಡಿದ ವೀರಚಕ್ರ ಪುರಸ್ಕೃತ ಕ್ಯಾಪ್ಟನ್ ಹನೀಫುದ್ದೀನ್ ಕೂಡ ಎಎಸ್‌ಸಿಯವರೇ. ಅವರಿದ್ದದ್ದು 11ನೇ ರಜಪುತಾನಾ ರೈಫಲ್ಸ್‌ನಲ್ಲಿ.

ಡೆಹ್ರಾಡೂನಿನ ಸೇನಾ ಅಕಾಡೆಮಿಯಲ್ಲಿ ಕೆಡೆಟ್‌ನ ಇಷ್ಟ, ಅರ್ಹತಾ ಪಟ್ಟಿ, ಖಾಲಿ ಹುದ್ದೆ, ಅಪ್ಪನ ರೆಜಿಮೆಂಟಿನ ಹಕ್ಕು ಎಲ್ಲ ಸೇರಿ ವಿಭಾಗ ನಿಗದಿಯಾಗುವ ಬಗೆ ಗೊತ್ತಿದ್ದದ್ದೇ, ಅದನ್ನು ಬಿಡೋಣ. ನನ್ನ ತಕರಾರು ಅದರ ಮುಂದಿನ ಹೆಜ್ಜೆಯದು. ಸರಬರಾಜು ವಿಭಾಗದ ಹೊಸ ಲೆಫ್ಟಿನೆಂಟ್‌ಗಳನ್ನು ಮೊದಲ ಒಂದೆರಡು ವರ್ಷ ಕಾಲಾಳು ಪಲ್ಟಣಕ್ಕೆ 'ಅಟ್ಯಾಚ್' ಮಾಡುವ ಪದ್ಧತಿಗೆ ಸೇನೆಯಲ್ಲಿ ದೊಡ್ಡ ಹೆಸರಿದೆ. ಅದು ಹುಡುಗರನ್ನು ಪುಟಕ್ಕಿಟ್ಟು ಸೈನಿಕರನ್ನಾಗಿಸುತ್ತದೆ, ತಾವು ಅನ್ನ ಕಳಿಸಬೇಕಾದವರ ಹಸಿವನ್ನು ಪರಿಚಯಿಸುತ್ತದೆ ಎನ್ನುತ್ತಾರೆ. ಸುಳ್ಳಲ್ಲ. ಆದರೆ ಈ ಪದ್ಧತಿ ನಿಂತಿರುವುದು ಆ ಆದರ್ಶದ ಮೇಲಲ್ಲ. ಪಲ್ಟಣಕ್ಕೆ ಕಿರಿಯ ಅಧಿಕಾರಿಗಳು ಬಹಳ ಬೇಕು, ಸಿಗುವವರು ಕಡಿಮೆ. ಎರವಲು ಬಂದವರು ಆ ತೆರವನ್ನು ತುಂಬುತ್ತಾರೆ. ಅಮೆರಿಕದ ಸೇನೆ ಇದೇ ಕೆಲಸವನ್ನು 'ಬ್ರಾಂಚ್ ಡೀಟೇಲ್' ಎಂಬ ಹೆಸರಿನಲ್ಲಿ ಮುಚ್ಚುಮರೆಯಿಲ್ಲದೆ ಮಾಡುತ್ತದೆ: ಕಾದಾಡುವ ವಿಭಾಗಗಳಿಗೆ ಲೆಫ್ಟಿನೆಂಟ್‌ಗಳು ಹೆಚ್ಚು ಬೇಕು, ಗುಪ್ತಚರ ಮತ್ತು ಸರಬರಾಜಿಗೆ ಕ್ಯಾಪ್ಟನ್‌ಗಳು ಹೆಚ್ಚು ಬೇಕು, ಆದ್ದರಿಂದ ಮೊದಲು ಅಲ್ಲಿ, ಆಮೇಲೆ ಇಲ್ಲಿ. ನಾವು ಅದೇ ಲೆಕ್ಕಕ್ಕೆ ಚಾರಿತ್ರ್ಯನಿರ್ಮಾಣದ ಶಾಲು ಹೊದಿಸಿದ್ದೇವೆ.

ಹಳ್ಳಿಯಲ್ಲಿ ಮುಯ್ಯಾಳಾಗಿ ಹೋದವನ ಗದ್ದೆಗೆ ನಾಟಿಯ ದಿನ ಆಚೆ ಮನೆಯವರೂ ಬರಬೇಕು. ಸೇನೆಯಲ್ಲಿ ಹೋಗುವುದಷ್ಟೇ ಇದೆ. ಕಾಲಾಳು ಪಡೆಯ ಲೆಫ್ಟಿನೆಂಟ್ ಎಎಸ್‌ಸಿಗೆ ಹೀಗೆ ಎರವಲು ಬರುವ ಪದ್ಧತಿ ಇಲ್ಲ.

ಈ ಏಕಮುಖತೆ ಬಯಲಿಗೆ ಬಂದದ್ದು ಬಡ್ತಿಯ ಹೊತ್ತಿನಲ್ಲಿ. ಕಾರ್ಗಿಲ್ ನಂತರ ಬೆಟಾಲಿಯನ್ ಕಮಾಂಡರುಗಳ ವಯಸ್ಸು ಇಳಿಸಲು ಅಜಯ್ ವಿಕ್ರಮ್ ಸಿಂಗ್ ಸಮಿತಿ ಕೊಟ್ಟ ಶಿಫಾರಸುಗಳು 2004ರಿಂದ ಜಾರಿಗೆ ಬಂದವು. 2ನೇ ವರ್ಷಕ್ಕೆ ಕ್ಯಾಪ್ಟನ್, 6ಕ್ಕೆ ಮೇಜರ್, 13ಕ್ಕೆ ಲೆಫ್ಟಿನೆಂಟ್ ಕರ್ನಲ್. ಇಲ್ಲಿಯವರೆಗೆ ಎಲ್ಲರೂ ಸಮ. ಹೊಸದಾಗಿ ಸೃಷ್ಟಿಯಾದ ಕರ್ನಲ್ ಹುದ್ದೆಗಳ ಮೊದಲ ಕಂತನ್ನು ಆಯಾ ವಿಭಾಗದ ಗಾತ್ರಕ್ಕೆ ತಕ್ಕಂತೆ ಹಂಚಿದರು. 2009ರಲ್ಲಿ, ಎರಡನೇ ಕಂತಿಗೆ, 'ಕಮಾಂಡ್ ಎಕ್ಸಿಟ್' ಎಂಬ ಸೂತ್ರ ಬಂತು.

ಈ ಸೂತ್ರದ ಮುಂದೆ ಸ್ವಲ್ಪ ನಿಲ್ಲಬೇಕು. ಒಂದು ವಿಭಾಗದಲ್ಲಿ ನೂರು ಪಲ್ಟಣಗಳಿವೆ ಎನ್ನಿ. ಕಮಾಂಡರನ ಅವಧಿ ಎರಡು ವರ್ಷವಾದರೆ ವರ್ಷಕ್ಕೆ ಐವತ್ತು ಜನ ಹೊಸ ಕರ್ನಲ್‌ಗಳು ಬೇಕು. ನಾಲ್ಕು ವರ್ಷವಾದರೆ ಇಪ್ಪತ್ತೈದೇ ಸಾಕು. ಕಮಾಂಡ್ ಮುಗಿಸಿ ಹೊರಬಂದವರನ್ನು ಕೂರಿಸಲು ಕುರ್ಚಿಗಳೂ ಅದೇ ಲೆಕ್ಕದಲ್ಲಿ ಬೇಕು. ಕಾಲಾಳು ಪಡೆಗೆ ಅವಧಿ ಗಿಡ್ಡ, ಸರಬರಾಜಿಗೆ ಉದ್ದ. ಹಾಗಾಗಿ ಹುದ್ದೆಗಳು ಕಾಲಾಳು ಪಡೆ ಮತ್ತು ಫಿರಂಗಿದಳದ ಕಡೆಗೆ ವಾಲಿದವು. ಗಣಿತ ಸರಿ. ಆದರೆ ಅವಧಿಯನ್ನು ಗೊತ್ತುಮಾಡಿದವರು ಯಾರು? ಹುದ್ದೆ ಹಂಚಿದ ಸೇನಾ ಮುಖ್ಯಾಲಯವೇ. ಅವಧಿ ಗಿಡ್ಡ ಮಾಡಿದರೆ ಹುದ್ದೆ ಹೆಚ್ಚು ಬೇಕಾಗುತ್ತದೆ. ಹುದ್ದೆ ಹೆಚ್ಚು ಬೇಕೆಂದೇ ಪಾಲು ದೊಡ್ಡದಾಗುತ್ತದೆ. ತಾನೇ ಬರೆದ ಷರತ್ತಿನಿಂದ ಹೊರಟ ಉತ್ತರ ಇದು. ಎತ್ತರದ ಶಿಖರಗಳಲ್ಲಿ ಪಲ್ಟಣ ನಡೆಸುವವನಿಗೆ ಎಳೆಯ ವಯಸ್ಸು ಬೇಕೆಂಬುದನ್ನು ಒಪ್ಪುತ್ತೇನೆ. ಆದರೆ ಅದರಿಂದ ಉಳಿದವರ ಬಡ್ತಿ ನಿಧಾನವಾಗಬೇಕೆಂದು ಸಿದ್ಧವಾಗುವುದಿಲ್ಲ.

2015ರಲ್ಲಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಈ ನೀತಿಯನ್ನು ರದ್ದುಮಾಡಿತು. 2016ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿ ನೀತಿಯನ್ನು ಎತ್ತಿಹಿಡಿದು, ಯುದ್ಧಬೆಂಬಲ ವಿಭಾಗಗಳಿಗೆ 141 ಹೆಚ್ಚುವರಿ ಹುದ್ದೆ ಸೃಷ್ಟಿಸಲು ಹೇಳಿತು. ಎಲ್ಲ ವಿಭಾಗಗಳ ಅಧಿಕಾರಿಗಳನ್ನೂ ಒಂದೇ ಕೇಡರ್ ಎಂದು ನ್ಯಾಯಾಲಯ ಒಪ್ಪಲಿಲ್ಲ. ಕಾನೂನಿನ ಮಟ್ಟಿಗೆ ಅದು ಸರಿಯಿರಬಹುದು. ನನಗೆ ಕಿರಿಕಿರಿಯಾಗುವುದು ತೀರ್ಪನ್ನು ಹಿಡಿದು ಕುಣಿದವರಿಂದ. ಗುಂಡಿಗೆ ಎದೆಯೊಡ್ಡದವರು ಪಾಲು ಕೇಳಬಾರದು ಎನ್ನುವ ನಿವೃತ್ತರ ವಾದ ಕೇಳಿದಾಗಲೆಲ್ಲ ತುರ್ತುಕ್ ನೆನಪಾಗುತ್ತದೆ. ಗುಂಡಿಗೆ ಎದೆಯೊಡ್ಡಿದವರ ಸಾಲಿನಲ್ಲಿ ಹನೀಫುದ್ದೀನ್ ಇದ್ದಾರೆ, ಕೆಂಗುರುಸೆ ಇದ್ದಾರೆ. ಬದುಕಿ ಹಿಂತಿರುಗಿದ್ದರೆ ಅವರು ನಿಲ್ಲಬೇಕಿದ್ದದ್ದು ಎಎಸ್‌ಸಿಯ ಉದ್ದದ ಸಾಲಿನಲ್ಲೇ. ಎದುರು ಪಾಳೆಯದವರೂ ಕಡಿಮೆಯಿಲ್ಲ: ಎಲ್ಲವೂ ಕಾಲಾಳು ಜನರಲ್‌ಗಳ ಪಿತೂರಿ ಎನ್ನುವವರು ಸೂತ್ರವನ್ನು ಬಿಡಿಸಿ ನೋಡುವ ಗೋಜಿಗೇ ಹೋಗುವುದಿಲ್ಲ.

ವಿಚಿತ್ರ ನೋಡಿ, 2023ರ ಆಗಸ್ಟಿನಿಂದ ಬ್ರಿಗೇಡಿಯರ್ ಮತ್ತು ಮೇಲಿನವರಿಗೆಲ್ಲ ಒಂದೇ ಸಮವಸ್ತ್ರ; ಟೋಪಿ, ಬೆಲ್ಟುಗಳಲ್ಲಿ ರೆಜಿಮೆಂಟಿನ ಗುರುತಿಲ್ಲ. ಲೆಫ್ಟಿನೆಂಟ್‌ಗೂ ವಿಭಾಗ ಅಡ್ಡಿಯಲ್ಲ, ಬ್ರಿಗೇಡಿಯರ್‌ಗೂ ಅಲ್ಲ; ನಡುವಿನ ಕರ್ನಲ್ ಮೆಟ್ಟಿಲಿನಲ್ಲಿ ಮಾತ್ರ ಅದೇ ಎಲ್ಲ.

ಅಟ್ಯಾಚ್‌ಮೆಂಟಿನಿಂದ ಅಷ್ಟೊಂದು ಕಲಿಯುವುದಿದ್ದರೆ ಕಾಲಾಳು ಲೆಫ್ಟಿನೆಂಟ್‌ಗಳನ್ನೂ ಒಂದು ವರ್ಷ ಲಡಾಖಿನ ಸರಬರಾಜು ಡಿಪೊಗೆ ಕಳಿಸಲಿ. ಪಲ್ಟಣದಲ್ಲಿ ಆಗಲೇ ಹುಡುಗರ ಕೊರತೆಯಿದೆ, ಅವರನ್ನು ಬಿಟ್ಟುಕೊಡಲಾಗದು ಎಂಬ ಉತ್ತರ ಬರುತ್ತದೆ. ಆ ಕೊರತೆಯನ್ನು ಇಷ್ಟು ವರ್ಷ ತುಂಬಿದವರಿಗೆ ಕರ್ನಲ್ ಪಟ್ಟಿಯಲ್ಲಿ ಸಿಕ್ಕಿದ್ದೆಷ್ಟು ಎಂಬ ಮಾತನ್ನು ಅಲ್ಲಿಂದ ಶುರುಮಾಡಬಹುದು.