ಅಹವಾಲು ಕೇಳಿದ್ದು ಯಾರದ್ದು?

ಓಲ್ಗಾ ಟೆಲಿಸ್ ತೀರ್ಪನ್ನು ಹೊಗಳದ ಕಾನೂನು ಪಠ್ಯ ಸಿಗುವುದು ಕಷ್ಟ. ಹೊಟ್ಟೆಪಾಡಿನ ದಾರಿ ಕಿತ್ತುಕೊಂಡರೆ ಬದುಕನ್ನೇ ಕಿತ್ತುಕೊಂಡಂತೆ, ಹಾಗಾಗಿ ಜೀವನೋಪಾಯವೂ ಸಂವಿಧಾನದ 21ನೇ ವಿಧಿಯೊಳಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 1985ರ ಜುಲೈ 10ರಂದು ಸಾರಿತು. ಅಂದಿನಿಂದ ಈ ತೀರ್ಪಿಗೆ ಬಡವರ ಪರವಾದ ತೀರ್ಪುಗಳಲ್ಲಿ ಅಗ್ರಸ್ಥಾನ. ಕೊನೆಯ ಪುಟದವರೆಗೂ ಓದಿದವರು ಆ ಸ್ಥಾನವನ್ನು ಪ್ರಶ್ನಿಸಲೇಬೇಕು. ಏಕೆಂದರೆ ಆ ಪ್ರಕರಣದಲ್ಲಿ ಬೊಂಬಾಯಿಯ ಫುಟ್‌ಪಾತ್ ನಿವಾಸಿಗಳು ಸೋತರು.

1981ರ ಜುಲೈ 13ರಂದು ಮುಖ್ಯಮಂತ್ರಿ ಎ.ಆರ್. ಅಂತುಳೆ ಫುಟ್‌ಪಾತ್ ನಿವಾಸಿಗಳನ್ನೆಲ್ಲ ಎಬ್ಬಿಸಿ ಅವರವರ ಊರಿಗೆ ಕಳಿಸುವುದಾಗಿ ಘೋಷಿಸಿದರು. ಮುಂದೆ ಏನಾಯಿತೆಂದು ತೀರ್ಪಿನಲ್ಲೇ ಇದೆ. ಅರ್ಜಿದಾರರಲ್ಲೊಬ್ಬ ಸೇಲಂ ಕಡೆಯ ಭೂಮಿಯಿಲ್ಲದ ಕೂಲಿ. 1961ರಲ್ಲಿ ಕೆಲಸ ಹುಡುಕಿಕೊಂಡು ಬಂದವನು. ದಿನಕ್ಕೆ 23 ರೂಪಾಯಿ ಕೂಲಿ. ವೆಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿಯ ಪಕ್ಕ ಪ್ಲಾಸ್ಟಿಕ್ಕು, ತಾಡಪಾಲಿನ ಒಂದು ಆಸರೆಗೆ ಕೊಳೆಗೇರಿಯ ದಾದಾ ಅವನಿಂದ 2,500 ರೂಪಾಯಿ ಕಿತ್ತಿದ್ದ. ಜುಲೈ 23ರಂದು ಪಾಲಿಕೆಯವರು ಅದನ್ನು ಕೆಡವಿ, ಹೆಂಡತಿ ಮಕ್ಕಳ ಸಮೇತ ಸೇಲಂ ಬಸ್ಸು ಹತ್ತಿಸಿದರು. ಸಂಸಾರವನ್ನು ಊರಲ್ಲೇ ಬಿಟ್ಟು ಅವನೊಬ್ಬನೇ ವಾಪಸ್ ಬಂದು ಮತ್ತೆ ಫುಟ್‌ಪಾತಿನಲ್ಲೇ ನೆಲೆ ಹುಡುಕಿದ. ಜೀವನೋಪಾಯದ ಹಕ್ಕು ಎಂದರೇನು ಎಂಬುದಕ್ಕೆ ಇದಕ್ಕಿಂತ ದೊಡ್ಡ ವಾದ ಬೇಕಿರಲಿಲ್ಲ.

ಈಗ ನಾನು ಹಿಡಿದು ನೋಡಬೇಕೆನ್ನುವ ಜಾಗಕ್ಕೆ ಬರುತ್ತೇನೆ. 1888ರ ಬೊಂಬಾಯಿ ಪಾಲಿಕೆ ಕಾಯಿದೆಯ 314ನೇ ಸೆಕ್ಷನ್ ಪ್ರಕಾರ ಆಯುಕ್ತರು ನೋಟಿಸು ಕೊಡದೆಯೇ ಒತ್ತುವರಿ ತೆರವು ಮಾಡಬಹುದು. ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್ ಈ ಸೆಕ್ಷನ್ನನ್ನು ರದ್ದು ಮಾಡಲಿಲ್ಲ. ನೋಟಿಸು ಕೊಡುವುದೇ ನಿಯಮ, ಕೊಡದಿರುವುದು ಅಪವಾದ ಎಂದು ಅದಕ್ಕೆ ಅರ್ಥ ಬರೆದರು. ಫುಟ್‌ಪಾತಿನಲ್ಲಿ ಕೂತವನಿಗೆ ಹೇಳಿಕೊಳ್ಳಲು ಏನಿದೆ ಎಂಬ ಪಾಲಿಕೆಯ ವಾದವನ್ನೂ ತಳ್ಳಿಹಾಕಿದರು. ಹೇಳುವುದರಿಂದ ಫಲಿತಾಂಶ ಬದಲಾಗದಿದ್ದರೂ ಹೇಳುವ ಅವಕಾಶ ಕೊಡಲೇಬೇಕು, ಅದು ಮನುಷ್ಯನ ಘನತೆಯ ಪ್ರಶ್ನೆ ಎಂಬ ತತ್ತ್ವವನ್ನು ಎತ್ತಿಹಿಡಿದರು. ಇಲ್ಲಿಯವರೆಗಿನ ತರ್ಕಕ್ಕೆ ನಾನೂ ತಲೆಬಾಗುತ್ತೇನೆ.

ಆದರೆ ಕೆಲವೇ ಸಾಲುಗಳ ನಂತರ ದಿಕ್ಕು ತಿರುಗುತ್ತದೆ. ಸಾಮಾನ್ಯವಾಗಿ ಆಯುಕ್ತರಿಗೆ ಅಹವಾಲು ಕೇಳಿ ಎಂದು ಆದೇಶಿಸುತ್ತಿದ್ದೆವು. ಆದರೆ ಆಯುಕ್ತರು ಕೊಡದ ಅವಕಾಶವನ್ನು ನಾವೇ ಧಾರಾಳವಾಗಿ ಕೊಟ್ಟಾಗಿದೆ, ಎರಡೂ ಕಡೆಯ ವಾದ ಆಲಿಸಿದ್ದೇವೆ, ತೆರವು ಸರಿಯೇ ಇದೆ ಎನ್ನುತ್ತದೆ ಪೀಠ. ಯಾರ ಅಹವಾಲನ್ನು ಆಲಿಸಿದ್ದು? ಬೊಂಬಾಯಿಯ ಜನಸಂಖ್ಯೆಯಲ್ಲಿ ಸುಮಾರು ಅರ್ಧದಷ್ಟಿರುವ ಲಕ್ಷಾಂತರ ಜನರ ಪಾಡು ಇದು ಎಂದೇ ತೀರ್ಪು ಶುರುವಾಗಿತ್ತು. ದೆಹಲಿಯಲ್ಲಿ ವಕೀಲರು ಇಂಗ್ಲಿಷಿನಲ್ಲಿ ಮಾಡಿದ ವಾದ ಆ ಲಕ್ಷಾಂತರ ಜನ ಒಬ್ಬೊಬ್ಬರಾಗಿ ಹೇಳಬೇಕಿದ್ದ ಮಾತಿಗೆ ಸಮ ಆಗುವುದು ಹೇಗೆ? ನೋಟಿಸಿನ ಅರ್ಥವೇ ಪ್ರತಿ ಗುಡಿಸಲಿಗೂ ಅದರದೇ ಉತ್ತರ ಇರಬಹುದು ಎಂಬುದು. ನನ್ನ ಮಗಳ ಶಾಲೆ ಇಲ್ಲೇ ಇದೆ ಎಂದು ಒಬ್ಬಳು ಹೇಳಿಯಾಳು, ನನ್ನ ಹತ್ತಿರ 1976ರ ಕೊಳೆಗೇರಿ ಗಣತಿಯ ಚೀಟಿ ಇದೆ ಎಂದು ಇನ್ನೊಬ್ಬ ಹೇಳಿಯಾನು. ಇವರ ಮಾತನ್ನು ಯಾರೂ ಕೇಳಲಿಲ್ಲ.

ಜೀವನೋಪಾಯ ಒದಗಿಸಲೇಬೇಕೆಂದು ಸರ್ಕಾರವನ್ನು ಒತ್ತಾಯಿಸಲಾಗದು, ನ್ಯಾಯಯುತ ಕಾರ್ಯವಿಧಾನವಿಲ್ಲದೆ ಅದನ್ನು ಕಸಿದರೆ ಮಾತ್ರ ಪ್ರಶ್ನಿಸಬಹುದು ಎಂದು ಪೀಠ ಮೊದಲೇ ಹೇಳಿತ್ತು. ಅಂದರೆ ಹಕ್ಕಿನಲ್ಲಿ ಉಳಿದದ್ದು ಕಾರ್ಯವಿಧಾನವೊಂದೇ. ಕಾರ್ಯವಿಧಾನವೆಂದರೆ ಆ ನೋಟಿಸು. ಆ ನೋಟಿಸನ್ನೂ ಕೊಟ್ಟಂತೆಯೇ ಎಂದು ಭಾವಿಸಿಕೊಂಡ ಮೇಲೆ ಫುಟ್‌ಪಾತಿನವನ ಕೈಯಲ್ಲಿ ಉಳಿದದ್ದೇನು? ಮಳೆಗಾಲ ಮುಗಿದು ಅಕ್ಟೋಬರ್ 31ರವರೆಗೆ ಸಮಯ. 1976ರ ಗಣತಿಯಲ್ಲಿ ಹೆಸರಿದ್ದವರಿಗೆ ಮಾಲವಣಿಯಲ್ಲೋ ಬೇರೆಲ್ಲೋ ಜಾಗ; ಅದೂ ಎಬ್ಬಿಸುವ ಮುಂಚೆಯೇ ಕೊಡಬೇಕೆಂದಿಲ್ಲ ಎಂದು ತೀರ್ಪು ಬಿಡಿಸಿ ಹೇಳುತ್ತದೆ.

ಫಲಿತಾಂಶ ಬಿಡಿ, ತತ್ತ್ವ ನೋಡಿ ಎನ್ನುವ ವಿಮರ್ಶಕರೊಂದಿಗೆ ನನಗೆ ಬಹಳ ದಿನದ ಜಗಳವಿದೆ. ತತ್ತ್ವದ ಬೀಜ ಬಿತ್ತಿದೆ, ಮುಂದಿನ ಪೀಠಗಳು ಫಸಲು ತೆಗೆದವು ಎನ್ನುತ್ತಾರೆ. ಕೆಲವು ಫಸಲು ಬಂದದ್ದು ನಿಜ. 2010ರ ಸುದಾಮ ಸಿಂಗ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟು ಪುನರ್ವಸತಿಯ ಪರ ಗಟ್ಟಿಯಾಗಿ ನಿಂತಿತು. ಆದರೆ ಅದೇ ಸುಪ್ರೀಂ ಕೋರ್ಟು 2000ದಲ್ಲಿ, ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಕಸದ ವಿಲೇವಾರಿಗಾಗಿ ಹಾಕಿದ್ದ ಅರ್ಜಿಯಲ್ಲಿ, ಒತ್ತುವರಿದಾರನಿಗೆ ಬದಲಿ ನಿವೇಶನ ಕೊಡುವುದು ಜೇಬುಗಳ್ಳನಿಗೆ ಬಹುಮಾನ ಕೊಟ್ಟಂತೆ ಎಂದಿತು. ಫುಟ್‌ಪಾತಿನವರು ಅಪರಾಧ ಮಾಡುವ ಉದ್ದೇಶದಿಂದ ಬಂದವರಲ್ಲ, ಬೇರೆ ದಾರಿಯಿಲ್ಲದೆ ಬಂದವರು ಎಂದು ಓಲ್ಗಾ ಟೆಲಿಸ್ ಬರೆದದ್ದು ಹದಿನೈದು ವರ್ಷದಲ್ಲಿ ಎಲ್ಲಿ ಹೋಯಿತು? ಆದೇಶದ ಬೆಂಬಲವಿಲ್ಲದ ತತ್ತ್ವವನ್ನು ಮುಂದಿನ ಪೀಠ ಸಲೀಸಾಗಿ ಪಕ್ಕಕ್ಕಿಡಬಹುದು. ಜನರ ನಂಬಿಕೆಯ ವಿಷಯದಲ್ಲೂ ಅಷ್ಟೆ. ಗುಡಿಸಲು ಕಳೆದುಕೊಂಡವರಿಗೆ ಸುಪ್ರೀಂ ಕೋರ್ಟೆಂದರೆ 21ನೇ ವಿಧಿಯ ವ್ಯಾಖ್ಯಾನ ಅಲ್ಲ, ಬೆಳಿಗ್ಗೆ ಬಂದ ಲಾರಿ ನಿಂತಿತೋ ಇಲ್ಲವೋ ಎಂಬುದು.

2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಬಿ.ಆರ್. ಗವಾಯಿ ಮತ್ತು ಕೆ.ವಿ. ವಿಶ್ವನಾಥನ್ ಬುಲ್ಡೋಜರ್ ತೆರವಿಗೆ ಕಡಿವಾಣ ಹಾಕಿದರು. ಕೆಡವುವ ಮೊದಲು ಕನಿಷ್ಠ 15 ದಿನದ ನೋಟಿಸು, ಖುದ್ದು ಅಹವಾಲು, ಕಾರಣ ಬರೆದ ಆದೇಶ, ಎಲ್ಲವೂ ಕಡ್ಡಾಯ. ಸ್ವಾಗತಾರ್ಹ ತೀರ್ಪು. ಅದರಲ್ಲೊಂದು ವಿನಾಯಿತಿಯೂ ಇದೆ. ರಸ್ತೆ, ರೈಲು ಹಳಿಯ ಪಕ್ಕ, ನದಿ, ಕೆರೆಗಳ ಜಾಗದಲ್ಲಿರುವ ಅನಧಿಕೃತ ಕಟ್ಟಡಗಳಿಗೆ ಈ ನಿರ್ದೇಶನಗಳು ಅನ್ವಯಿಸುವುದಿಲ್ಲ. ಆ ಪಟ್ಟಿಯಲ್ಲಿ ಫುಟ್‌ಪಾತ್ ಕೂಡ ಇದೆ.