ಸೋಪಿನ ಪೆಟ್ಟಿಗೆಯ ಮೇಲಿದ್ದ ಅಮ್ಮ

ಎಳೆಮಕ್ಕಳ ಬಟ್ಟೆ ಒಗೆಯಲು ಅಮೆರಿಕದ ತಾಯಂದಿರು ನೆಚ್ಚಿಕೊಂಡಿದ್ದ ಸೋಪು ಐವರಿ ಸ್ನೋ. 1970ರ ದಶಕದ ಮೊದಲಲ್ಲಿ ಅದರ ಪೆಟ್ಟಿಗೆಯ ಮೇಲೊಂದು ಚಿತ್ರವಿತ್ತು: ಹೊಂಬಣ್ಣದ ಕೂದಲಿನ ತರುಣಿ, ಎದೆಗವಚಿಕೊಂಡ ಮಗು. ಐವರಿಯ ಹಳೆಯ ಘೋಷಣೆಯೇ ಶೇ 99.44ರಷ್ಟು ಶುದ್ಧ ಎಂದು. ಆ ತರುಣಿ ಮರಿಲಿನ್ ಬ್ರಿಗ್ಸ್.

ತೆರೆಯ ಮೇಲೆ ಆಕೆ ಮರಿಲಿನ್ ಚೇಂಬರ್ಸ್.

1952ರಲ್ಲಿ ಹುಟ್ಟಿ ಕನೆಕ್ಟಿಕಟ್‌ನ ವೆಸ್ಟ್‌ಪೋರ್ಟ್‌ನಲ್ಲಿ ಬೆಳೆದವಳು. ಬಾರ್ಬರಾ ಸ್ಟ್ರೈಸೆಂಡ್ ನಟಿಸಿದ್ದ 'ದಿ ಔಲ್ ಆ್ಯಂಡ್ ದಿ ಪುಸಿಕ್ಯಾಟ್' (1970) ಚಿತ್ರದಲ್ಲಿ ಸಣ್ಣದೊಂದು ಪಾತ್ರ ಸಿಕ್ಕಿತು. ಮುಂದಿನ ಅವಕಾಶ ಮಾತ್ರ ಬರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಪತ್ರಿಕೆಯ ಜಾಹೀರಾತು ನೋಡಿ ಹೋದರೆ, ಅಲ್ಲಿ ಕೂತಿದ್ದವರು ಜಿಮ್ ಮತ್ತು ಆರ್ಟಿ ಮಿಚೆಲ್ ಸೋದರರು. ಅವರು ತೆಗೆಯಹೊರಟಿದ್ದು ನೀಲಿಚಿತ್ರ. ಎದ್ದು ಹೊರಟವಳನ್ನು ಅವರೇ ತಡೆದರು. ಒಪ್ಪಲಾರರೆಂದುಕೊಂಡು ಆಕೆ 25 ಸಾವಿರ ಡಾಲರ್ ಜತೆಗೆ ಲಾಭದಲ್ಲಿ ಪಾಲನ್ನೂ ಕೇಳಿದಳು. ಅವರು ಒಪ್ಪಿಬಿಟ್ಟರು.

'ಬಿಹೈಂಡ್ ದ ಗ್ರೀನ್ ಡೋರ್' (1972) ಬಂದಿದ್ದು ಹಾಗೆ. ಇಡೀ ಚಿತ್ರದಲ್ಲಿ ನಾಯಕಿಗೆ ಒಂದೇ ಒಂದು ಮಾತಿಲ್ಲ. ಅದೇ ವರ್ಷದ 'ಡೀಪ್ ಥ್ರೋಟ್' ಜತೆ ಸೇರಿ ಇದು ನೀಲಿಚಿತ್ರವನ್ನು ಕದ್ದು ನೋಡುವ ಸರಕಿನಿಂದ ಊರೆಲ್ಲ ಚರ್ಚಿಸುವ ಸುದ್ದಿಯಾಗಿಸಿತು. ಸೋಪಿನ ಪೆಟ್ಟಿಗೆಯ ಗುಟ್ಟು ಬಯಲಾದಾಗ ಮಿಚೆಲ್ ಸೋದರರಿಗೆ ಹಬ್ಬ; ಬಿಟ್ಟಿ ಪ್ರಚಾರವನ್ನು ಬಿಡುವವರಾರು? ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್ ಕಂಪನಿ ಪೆಟ್ಟಿಗೆಯ ಮುಖವನ್ನೇ ಬದಲಿಸಿತು.

ಹೆಸರಾಯಿತು, ಹಣವೂ ಬಂತು. ಇದನ್ನೇ ಏಣಿ ಮಾಡಿಕೊಂಡು ಹಾಲಿವುಡ್ ಸೇರುವ ಲೆಕ್ಕಾಚಾರ ಮಾತ್ರ ಕೈಕೊಟ್ಟಿತು. ಪಾಲ್ ಶ್ರೇಡರ್ ನಿರ್ದೇಶನದ 'ಹಾರ್ಡ್‌ಕೋರ್' (1979) ನೀಲಿಚಿತ್ರಲೋಕದ ಕಥೆ, ಅದಕ್ಕೂ ಪ್ರಯತ್ನಿಸಿದಳು. ನೀಲಿಚಿತ್ರದವಳೆಂದು ನಂಬಲಾಗದಷ್ಟು ಮುಗ್ಧ ಮುಖವೆಂದು ತನ್ನನ್ನು ಕೈಬಿಟ್ಟರೆಂದು ಆಕೆಯೇ ಹೇಳಿಕೊಂಡಿದ್ದಳು! ಮತ್ತೆ ಹಳೆಯ ದಾರಿಗೇ ಮರಳಿ 1980ರಲ್ಲಿ 'ಇನ್‌ಸೇಷಿಯಬಲ್' ಮಾಡಿದಳು. ಈ ವೃತ್ತಿಗೆ ಬರಬೇಡಿ ಎಂದು ಹೊಸಬರಿಗೆ ಹೇಳುತ್ತಿದ್ದುದು ಆಮೇಲಿನ ವರ್ಷಗಳಲ್ಲಿ. 2009ರಲ್ಲಿ ತೀರಿಕೊಂಡಾಗ ವಯಸ್ಸು 56.

ನಟಿಯಾಗಿ ಆಕೆಯ ಅಳವನ್ನು ತಿಳಿಯಬೇಕಿದ್ದರೆ ಡೇವಿಡ್ ಕ್ರೋನೆನ್‌ಬರ್ಗ್‌ನ 'ರ‍್ಯಾಬಿಡ್' (1977) ನೋಡಬೇಕು. ಮಾಂಟ್ರಿಯಲ್‌ನಲ್ಲಿ ಚಿತ್ರೀಕರಿಸಿದ, ಕಡಿಮೆ ಖರ್ಚಿನ ಭಯಾನಕ ಚಿತ್ರ. ಬೈಕ್ ಅಪಘಾತದಲ್ಲಿ ಗಾಯಗೊಂಡ ರೋಸ್‌ಗೆ ಚರ್ಮ ಕಸಿ ಮಾಡುತ್ತಾರೆ. ಕಂಕುಳಲ್ಲಿ ಮುಳ್ಳೊಂದು ಮೂಡುತ್ತದೆ. ಹಸಿವಾದರೆ ಅದಕ್ಕೆ ಮನುಷ್ಯರ ರಕ್ತವೇ ಬೇಕು. ಚೇಂಬರ್ಸ್ ಇಲ್ಲಿ ಅಬ್ಬರಿಸುವುದಿಲ್ಲ. ತನಗೇನಾಗಿದೆಯೆಂದು ತಿಳಿಯದ ರೋಗಿಯ ಗಲಿಬಿಲಿಯನ್ನು ಕಣ್ಣಲ್ಲೇ ಹಿಡಿದಿಡುತ್ತಾಳೆ. ರಕ್ತಕ್ಕಾಗಿ ರೋಸ್ ನುಗ್ಗುವ ಜಾಗಗಳಲ್ಲೊಂದು ನೀಲಿಚಿತ್ರದ ಟಾಕೀಸು.

ಕ್ರೋನೆನ್‌ಬರ್ಗ್ ಈ ಪಾತ್ರಕ್ಕೆ ಮೊದಲು ಬಯಸಿದ್ದು ಸಿಸ್ಸಿ ಸ್ಪೇಸೆಕ್‌ಳನ್ನು. ಚೇಂಬರ್ಸ್ ಹೆಸರು ಸೂಚಿಸಿದ್ದು ನಿರ್ಮಾಪಕ ಇವಾನ್ ರೀಟ್‌ಮನ್. ರೋಸ್ ಬೀದಿಯಲ್ಲಿ ನಡೆಯುವ ಒಂದು ದೃಶ್ಯದಲ್ಲಿ ಹಿನ್ನೆಲೆಯ ಗೋಡೆಯನ್ನು ಗಮನಿಸಿ. ಅಲ್ಲಿರುವುದು ಸ್ಪೇಸೆಕ್ ನಟಿಸಿದ 'ಕ್ಯಾರಿ' ಚಿತ್ರದ ಪೋಸ್ಟರ್. ಚೇಂಬರ್ಸ್ ಅದರ ಮುಂದೆಯೇ ಹಾದುಹೋಗುತ್ತಾಳೆ.